ಕ್ರೈಸ್ತ ಶ್ರದ್ಧೆ ಮತ್ತು ದುಡಿಮೆಯ ಮುಂದಾಳತ್ವ

ಕೊಳ್ಳೇಗಾಲದ ಸೀಮೆಯವರಿಗೆ ಕುಂತೂರು ಎಂದೊಡನೆ ಎರಡು ಸಂಗತಿಗಳು ನೆನಪಿಗೆ ಬರುತ್ತವೆ. ಒಂದು ಅಲ್ಲಿನ ಸಕ್ಕರೆ ಕಾರ್ಖಾನೆ, ಇನ್ನೊಂದು ಪ್ರಭುಸ್ವಾಮಿಗಳ ಮಠ. ಕಂಸಾಳೆಯವರು ಹಾಡುವ ಮಹದೇಶ್ವರನ ಕಾವ್ಯದಲ್ಲಿ ಮಾದಪ್ಪ ಸುತ್ತೂರು ಮಠದಲ್ಲಿ ರಾಗಿ ಬೀಸುತ್ತಾನೆ. ಆಮೇಲೆ ಕುಂತೂರು ಮಠಕ್ಕೆ ಬರುತ್ತಾನೆ. ಲಕ್ಷಾಂತರ ಜನ ಒಡೆಯನೆಂದು ಕೈಮುಗಿಯುವವನು ಒಂದು ಕಾಲಕ್ಕೆ ಬೀಸುವ ಕಲ್ಲಿನ ಮುಂದೆ ಕುಳಿತವನು. ಕ್ರೈಸ್ತ ಶ್ರದ್ಧೆಯ ಬಗ್ಗೆ ಹೇಳಬೇಕಾದ ನಾನು ಇಲ್ಲಿಂದ ತೊಡಗಲು ಕಾರಣವಿದೆ. ಈ ಕಥೆಯನ್ನು ಬಲ್ಲವರಿಗೆ ಯೇಸುವಿನ ಜೀವನದ ಒಂದು ಪ್ರಸಂಗವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ತಾನು ಸಾಯುವ ಹಿಂದಿನ ರಾತ್ರಿ ಯೇಸು ಊಟದ ನಡುವೆ ಎದ್ದು, ನಡುವಿಗೆ ವಸ್ತ್ರ ಸುತ್ತಿಕೊಂಡು, ಬೋಗುಣಿಯಲ್ಲಿ ನೀರು ತಂದು ಶಿಷ್ಯರ ಕಾಲು ತೊಳೆದನೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಧೂಳಿನ ದಾರಿ ನಡೆದು ಬಂದವರ ಕಾಲು ತೊಳೆಯುವುದು ಆ ಕಾಲದ ಮನೆಗಳಲ್ಲಿ ಎಲ್ಲರಿಗಿಂತ ಕೆಳಗಿನ ಆಳಿನ ಕೆಲಸ. ಪೇತ್ರನಿಗೆ ಇದು ಸಹಿಸಲಾಗದೆ ಬೇಡವೆಂದ. ಗುರುವಾದವನು ತನ್ನ ಸ್ಥಾನವನ್ನು ಬಿಟ್ಟುಕೊಡಲಿಲ್ಲ ಎಂಬುದನ್ನು ಗಮನಿಸಿ. ತಾನು ಗುರು ಹೌದು ಎಂದೇ ಒಪ್ಪಿಕೊಂಡು, ಆ ಸ್ಥಾನ ಯಾತಕ್ಕೆ ಇರುವುದೆಂದು ತೋರಿಸಿದ.

ಈಗ ಇದನ್ನು ಕಬ್ಬು ಅರೆಯುವ ಹಂಗಾಮಿನ ಯಾವುದೇ ಕಾರ್ಖಾನೆಗೆ ತನ್ನಿ. ಪಾಳಿಯ ಮೇಲ್ವಿಚಾರಕ ಕೆಳಗಿನವರ ಕಾಲು ತೊಳೆಯಬೇಕೆಂದು ಯಾರೂ ಕೇಳುವುದಿಲ್ಲ. ಆದರೆ ರಾತ್ರಿ ಪಾಳಿ ಸದಾ ಯಾರ ಪಾಲಿಗೆ ಬೀಳುತ್ತದೆ? ಯಂತ್ರ ನಿಂತಾಗ ತಪ್ಪು ಯಾರ ತಲೆಗೆ ಹೋಗುತ್ತದೆ? ಹಬ್ಬದ ರಜೆ ಯಾರಿಗೆ ಸಿಗುತ್ತದೆ? ಮೇಲಿನವನ ಶ್ರದ್ಧೆ ಕಾಣುವುದು ಇಲ್ಲಿ. ಅವನ ಮೇಜಿನ ಹಿಂದೆ ತೂಗುವ ಚಿತ್ರಪಟದಿಂದ ಕೆಳಗಿನವರಿಗೆ ಏನೂ ತಿಳಿಯುವುದಿಲ್ಲ.

ನಮ್ಮ ನಾಡಿನಲ್ಲಿ ಕ್ರೈಸ್ತ ಶ್ರದ್ಧೆಯನ್ನು ಕಾರ್ಖಾನೆಯೊಳಗೆ ತಂದ ದೊಡ್ಡ ಪ್ರಯೋಗ ಮಂಗಳೂರಿನ ಬಾಸೆಲ್ ಮಿಶನ್ನಿನದು. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಶನರಿಗಳನ್ನು ನಾವು ಮೋಗ್ಲಿಂಗರ ‘ಮಂಗಳೂರ ಸಮಾಚಾರ’ಕ್ಕಾಗಿ, 1894ರ ಕಿಟೆಲ್ ನಿಘಂಟಿಗಾಗಿ ನೆನೆಯುತ್ತೇವೆ. ಅವರಿಗೆ ಎದುರಾದ ಇನ್ನೊಂದು ಸಮಸ್ಯೆ ಅನ್ನದ್ದು. ಮತಾಂತರವಾದವನು ಜಾತಿಯಿಂದ ಹೊರಬಿದ್ದ. ಜಾತಿಯೊಡನೆ ಕಸುಬೂ ಹೋಯಿತು, ಎಷ್ಟೋ ವೇಳೆ ಮನೆಯೂ ಹೋಯಿತು. ಆದ್ದರಿಂದ ಮುದ್ರಣಾಲಯ, ನೇಯ್ಗೆ ಶಾಲೆ, ಕೊನೆಗೆ 1865ರಲ್ಲಿ ಪ್ಲೆಬ್ಸ್ಟ್ ಎಂಬುವರಿಂದ ಹೆಂಚಿನ ಕಾರ್ಖಾನೆ. ಆ ಹೆಂಚು ಇಂದಿಗೂ ಹಳೆಯ ಮನೆಗಳ ಮೇಲಿದೆ.

ಅಲ್ಲಿ ದಿನದ ಕೆಲಸ ಪ್ರಾರ್ಥನೆಯಿಂದ ತೊಡಗುತ್ತಿತ್ತು. ಭಾನುವಾರ ಬಿಡುವು. ಗಂಟೆಗೆ ಸರಿಯಾಗಿ ಬರುವುದು, ಲೆಕ್ಕ ಚೊಕ್ಕವಾಗಿಡುವುದು, ಕುಡಿತದಿಂದ ದೂರವಿರುವುದು ಎಲ್ಲವೂ ಧರ್ಮದ ಭಾಗವೇ. ಕೈಕೆಲಸವನ್ನು ಕೀಳೆಂದು ಕಾಣುತ್ತಿದ್ದ ಸಮಾಜದಲ್ಲಿ ಮಣ್ಣು ಕಲಸುವ ಕೆಲಸಕ್ಕೂ ಗೌರವ ತಂದದ್ದು ಸಣ್ಣ ಸಂಗತಿಯಲ್ಲ. ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಒಂದು ತೊಡಕೂ ಅಲ್ಲೇ ಇತ್ತು. ಸಂಬಳ ಕೊಡುವ ಸಂಸ್ಥೆಯೂ ಅದೇ, ಸಭೆಯ ಶಿಸ್ತನ್ನು ನಡೆಸುವ ಸಂಸ್ಥೆಯೂ ಅದೇ. ಬೆಳಗಿನ ಪ್ರಾರ್ಥನೆಗೆ ತಲೆಬಾಗಿಸಿದ ಕೆಲಸಗಾರ ದೇವರಿಗೆ ಬಾಗಿದನೋ, ಕೂಲಿಗೆ ಬಾಗಿದನೋ? ಸ್ವತಃ ಅವನಿಗೂ ಹೇಳಲಾಗದೆ ಇದ್ದಿರಬಹುದು. ಮಿಶನರಿಗಳು ಕೆಟ್ಟವರಾಗಿದ್ದರಿಂದ ಹೀಗಾದದ್ದಲ್ಲ. ಒಂದೇ ಕೈಯಲ್ಲಿ ಅನ್ನವೂ ಆತ್ಮವೂ ಸೇರಿದರೆ ಎಷ್ಟು ಒಳ್ಳೆಯ ಕೈಯಾದರೂ ಭಾರವಾಗುತ್ತದೆ. ಮೊದಲನೆಯ ಮಹಾಯುದ್ಧದ ಪರಿಣಾಮವಾಗಿ ಈ ಕಾರ್ಖಾನೆಗಳು ಮಿಶನ್ನಿನ ಕೈಬಿಟ್ಟವು. ನಾಳೆ ನಿಮ್ಮಲ್ಲಿ ಯಾರಾದರೂ ಹತ್ತು ಜನರ ಮೇಲೆ ನಿಂತಾಗ, ಯಾವ ಮತದವರೇ ಆಗಿರಿ, ನಿಮ್ಮ ಪೂಜೆಗೆ ಬಂದವನಿಗೆ ಬಡ್ತಿ ಸಲೀಸಾಗುತ್ತದೆಂಬ ಮಾತು ಹುಟ್ಟದಂತೆ ನೋಡಿಕೊಳ್ಳಬೇಕಾಗುತ್ತದೆ.

ಕೂಲಿಯ ವಿಷಯ ಬಂದದ್ದರಿಂದ ಯೇಸು ಹೇಳಿದ ದ್ರಾಕ್ಷಿತೋಟದ ಸಾಮತಿಯೂ ನೆನಪಾಗುತ್ತದೆ. ತೋಟದ ಯಜಮಾನ ಬೆಳಗ್ಗೆ ಕೆಲವರನ್ನು ಕೂಲಿಗೆ ಕರೆದ. ಸಂಜೆ ಐದಕ್ಕೆ ಹೋದಾಗಲೂ ಪೇಟೆಯಲ್ಲಿ ಕೆಲವರು ನಿಂತೇ ಇದ್ದರು. ಕೊನೆಯಲ್ಲಿ ಎಲ್ಲರಿಗೂ ಇಡೀ ದಿನದ ಕೂಲಿ ಕೊಟ್ಟ. ಬೆಳಗ್ಗೆಯಿಂದ ದುಡಿದವರು ಗೊಣಗಿದರು. ಯಾವ ಕಾರ್ಖಾನೆಯೂ ಹೀಗೆ ಸಂಬಳ ಪಟ್ಟಿ ಬರೆಯಲಾರದು, ಬರೆಯಬೇಕೆಂದು ನಾನೂ ವಾದಿಸುವುದಿಲ್ಲ. ನನಗೆ ಮುಖ್ಯವಾಗಿ ಕಾಣುವುದು, ಯಜಮಾನ ಅವರನ್ನು ಸೋಮಾರಿಗಳೆಂದು ತೀರ್ಮಾನಿಸದೆ, ಏಕೆ ನಿಂತಿದ್ದೀರೆಂದು ಕೇಳಿದ್ದು. ಯಾರೂ ಕರೆಯಲಿಲ್ಲ ಎಂಬ ಉತ್ತರ ಕೇಳಿದ ಮೇಲೆಯೇ ಅವನಿಗೆ ಸಂಗತಿ ತಿಳಿಯಿತು.

ಇಷ್ಟು ಹೇಳುವ ನಾನು ಹೇಗೆ ನಡೆದುಕೊಂಡೆ ಎಂದು ನೀವು ಕೇಳಬಹುದು. ಹಲವು ವರ್ಷಗಳ ಹಿಂದೆ ಒಂದು ಕಚೇರಿಯಲ್ಲಿ ನನ್ನ ಕೈಕೆಳಗೆ ಒಬ್ಬ ಯುವ ಗುಮಾಸ್ತನಿದ್ದ. ಲೆಕ್ಕದಲ್ಲಿ ತಪ್ಪು ಮಾಡಿದವನು ನಾನು, ಮೆಮೊ ಬಂದದ್ದು ಅವನಿಗೆ. ಎರಡು ದಿನ ಸುಮ್ಮನಿದ್ದೆ. ನಡುವೆ ಒಂದು ಭಾನುವಾರವಿತ್ತು. ಚರ್ಚಿಗೆ ಹೋಗಿ, ಎಂದಿನಂತೆ ಪಾಠವನ್ನೂ ಓದಿ ಬಂದೆ. ಸೋಮವಾರ ಅವನು ಬಂದು, “ಸಾರ್, ತಾವು ಸಾಹೇಬರಿಗೆ ಏನೂ ಹೇಳಲಿಲ್ಲವೇ?” ಎಂದ. ಅಂದು ಮಧ್ಯಾಹ್ನ ತಪ್ಪು ನನ್ನದೆಂದು ಬರೆದುಕೊಟ್ಟೆ. ಅವನ ಮೆಮೊ ಹಿಂದಕ್ಕೆ ಹೋಯಿತು, ನನ್ನ ಒಂದು ವರ್ಷದ ಇನ್‌ಕ್ರಿಮೆಂಟ್ ನಿಂತಿತು. ಅವನು ಮತ್ತೆ ಎಂದೂ ಆ ಮಾತೆತ್ತಲಿಲ್ಲ. ಮಧ್ಯಾಹ್ನದ ಕಾಫಿಗೆ ಮಾತ್ರ ನನ್ನ ಮೇಜಿಗೆ ಬರುವುದನ್ನು ಬಿಟ್ಟ.