ತೊಡೆಯ ಮೇಲಿನ ಚೀಲ

ಮೊನ್ನೆ ಬೆಳಗಿನ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸೊಬ್ಬರ ತೊಡೆಯ ಮೇಲೆ ಮೂರು ಶಾಲೆ ಚೀಲಗಳಿದ್ದವು. ಅವರ ಮಕ್ಕಳದ್ದಲ್ಲ. ನಿಂತಿದ್ದ ಹೈಸ್ಕೂಲು ಹುಡುಗಿಯರದ್ದು. ಯಾರೂ ಕೇಳಿದಂತೆ ಕಾಣಲಿಲ್ಲ, ಒಂದರ ಮೇಲೊಂದು ಬಂದು ಕೂತವು ಅಷ್ಟೆ. ಮೇಲಿನ ಚೀಲದ ಜಿಪ್ಪು ಕಿತ್ತುಹೋಗಿ ಪಿನ್ನು ಹಾಕಿತ್ತು. ನೀರಿನ ಬಾಟಲಿ ಜಾರದಂತೆ ಆಕೆ ಒಂದು ಕೈ ಅಡ್ಡ ಹಿಡಿದು, ತಮ್ಮ ಬುತ್ತಿಚೀಲವನ್ನು ಕಾಲ ಸಂದಿಗೆ ಸರಿಸಿಕೊಂಡಿದ್ದರು.

ಒಂಬತ್ತು, ಹತ್ತನೇ ತರಗತಿಯವರ ಚೀಲ 5 ಕಿಲೋ ಮೀರಬಾರದೆಂದು ನಮ್ಮ ಸರ್ಕಾರ 2019ರಲ್ಲೇ ಹೇಳಿದೆ. ಅದು ತಕ್ಕಡಿಗೆ ಸಿಗುವ ಭಾರ. ಎಸ್ಸೆಸ್ಸೆಲ್ಸಿಯ 625 ಅಂಕಗಳನ್ನು ಎಲ್ಲಿಟ್ಟು ತೂಗುವುದು? ಆ ಹುಡುಗಿಯರಲ್ಲೊಬ್ಬಳು ಕಂಬಿ ಹಿಡಿದ ಕೈಯ ಮೇಲೇ ಸೂತ್ರ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದಳು.

ಈ ಭಾರ ಕೃತಜ್ಞತೆಯಿಂದ ತುಸು ಹಗುರಾದೀತೇ? ಅಮೆರಿಕದಲ್ಲಿ ಜೆಫ್ರಿ ಫ್ರೋ ಎಂಬ ಮನಶ್ಶಾಸ್ತ್ರಜ್ಞರು ಆರು, ಏಳನೇ ತರಗತಿಯ 221 ಮಕ್ಕಳ ಜೊತೆ ನಡೆಸಿದ ಪ್ರಯೋಗವೊಂದು 2008ರಲ್ಲಿ ಪ್ರಕಟವಾಯಿತು. ಎರಡು ವಾರ ಕೆಲವರು ದಿನಾ ತಾವು ಕೃತಜ್ಞರಾಗಿರುವ ಸಂಗತಿಗಳನ್ನು ಬರೆದರು, ಕೆಲವರು ಕಿರಿಕಿರಿಗಳನ್ನು. ಮೊದಲಿನವರಿಗೆ ಶಾಲೆಯೂ ತುಸು ಹಿತವೆನಿಸಿತಂತೆ. ಇದನ್ನು ಕೇಳಿದರೆ ನಮ್ಮಲ್ಲಿ ಯಾರಾದರೂ ಅದಕ್ಕೂ ಒಂದು ನೋಟ್‌ಬುಕ್ಕು ಮಾಡಿಸಿ, ಪೋಷಕರ ಸಹಿ ತರಿಸಿ, ಹತ್ತು ಅಂಕ ಇಟ್ಟುಬಿಟ್ಟಾರು ಎಂಬ ಭಯ ನನಗೆ!

ಮನೆಗಳಲ್ಲಂತೂ ಕೃತಜ್ಞತೆ ಬಾಕಿ ವಸೂಲಿಯಾಗಿಬಿಟ್ಟಿದೆ. 'ನಿನಗೋಸ್ಕರ ಎಷ್ಟು ಕಷ್ಟಪಡ್ತಿದೀವಿ, ಗೊತ್ತಾ?' ಕಷ್ಟಪಡುವುದು ಸುಳ್ಳಲ್ಲ. ಆದರೆ ಪರೀಕ್ಷೆಯ ಮುಂಚೆ ಈ ಮಾತು ಕೇಳಿದ ಮಗುವಿಗೆ ಅಪ್ಪ ಅಮ್ಮನ ಕಷ್ಟವೂ ತನ್ನ ಚೀಲಕ್ಕೇ ಬಂದು ಬೀಳುತ್ತದೆ. ಇದು ನನಗೆ ಅನ್ಯಾಯವೆನಿಸುತ್ತದೆ.

ಶಾಲೆಯ ಸ್ಟಾಪು ಬಂತು. 'ಬರ್ತೀವಿ ಆಂಟಿ' ಎಂದು ಹುಡುಗಿಯರು ಚೀಲ ಎತ್ತಿಕೊಂಡರು. ಆಕೆ 'ಬಾಟ್ಲಿ ಬೀಳುತ್ತೆ ನೋಡಮ್ಮ' ಎಂದರು. ಎಷ್ಟನೇ ಕ್ಲಾಸು, ಹೋದ ಸಲ ಎಷ್ಟು ಬಂತು, ಏನೂ ಕೇಳಲಿಲ್ಲ.

ನಿಮ್ಮ ಮನೆಯ ಹತ್ತನೇ ಕ್ಲಾಸಿನವರು ಇವತ್ತು ಸಂಜೆ ಬಂದಾಗ ನೀವೂ ಏನೂ ಕೇಳಬೇಡಿ, ತಿನ್ನಲು ಏನಾದರೂ ಕೊಡಿ. ಯಾವ ಮಗುವಾದರೂ ಊಟ, ನಿದ್ದೆ ಬಿಟ್ಟು ಮಂಕಾಗಿದ್ದರೆ ಟೆಲಿ-ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ದಿನದ 24 ಗಂಟೆಯೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.