ಅಡ್ಡ ಬಂದಿದ್ದು ಯಾರು?



ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಕೆಂಗೇರಿ ತನಕ ಮೆಟ್ರೋ ಓಡೋಕೆ ಶುರುವಾಗಿದ್ದು 2021ರ ಆಗಸ್ಟ್‌ನಲ್ಲಿ. ಮೇಲೆ ರೈಲು, ಕೆಳಗೆ ಬಸ್ಸು, ಲಾರಿ, ಕಾರುಗಳ ಸಾಲು. ರೈಲು ಇಳಿದು ಮೆಟ್ಟಿಲು ಇಳಿದರೆ ಎಲ್ಲರೂ ಪಾದಚಾರಿಗಳೇ. ಒಬ್ಬರಿಗೆ ಬಿಎಂಟಿಸಿ ಬಸ್ ಹಿಡೀಬೇಕು, ಇನ್ನೊಬ್ಬರಿಗೆ ಕಾಲೇಜಿಗೆ ಹೊತ್ತಾಯ್ತು. ಎಷ್ಟೋ ಜನ ರಸ್ತೆ ದಾಟಲೇಬೇಕು.

ಇಂಥ ಜಾಗದಲ್ಲಿ ಯಾರಿಗಾದ್ರೂ ಗಾಡಿ ಬಡಿದರೆ ಮೊದಲು ಕೇಳಿಬರೋ ಮಾತು ಏನು? 'ಅಡ್ಡ ಬಂದ'. ನನ್ನ ಪ್ರಶ್ನೆ ಬೇರೆ. ಆ ಗಾಡಿ ಎಷ್ಟು ಸ್ಪೀಡಲ್ಲಿತ್ತು?

ಲೆಕ್ಕ ಹಾಕೋಣ. ಗಂಟೆಗೆ 70 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 19 ಮೀಟರ್. ಎದುರಿಗೆ ಮನುಷ್ಯ ಕಂಡು, ಕಾಲು ಬ್ರೇಕಿಗೆ ಹೋಗೋಕೇ ಒಂದು ಸೆಕೆಂಡ್ ಬೇಕು. ಒಣ ರಸ್ತೆಯಲ್ಲೂ ಕಾರು ಪೂರ್ತಿ ನಿಲ್ಲೋ ಹೊತ್ತಿಗೆ ಸುಮಾರು 45 ಮೀಟರ್ ಮುಂದೆ ಹೋಗಿರುತ್ತೆ. 30ರಲ್ಲಿ ಹೋಗ್ತಿದ್ರೆ? ಸುಮಾರು 13 ಮೀಟರ್‌ಗೇ ನಿಲ್ಲುತ್ತೆ. ಒಂದು ಜೀವ ಉಳಿಯೋದು, ಹೋಗೋದು ಈ ಅಂತರದಲ್ಲಿ.

ಕೇಂದ್ರದ 2018ರ ಅಧಿಸೂಚನೆ ಪಾಲಿಕೆ ವ್ಯಾಪ್ತಿಯ ರಸ್ತೆಗಳಲ್ಲಿ ಕಾರಿಗೆ 70, ಬೈಕಿಗೆ 60ರ ತನಕ ಬಿಡುತ್ತೆ. ಆದರೆ ಮೋಟಾರು ವಾಹನ ಕಾಯ್ದೆಯ 112ನೇ ಕಲಂ ಪ್ರಕಾರ, ಜನರ ಸುರಕ್ಷತೆಗಾಗಿ ರಾಜ್ಯ ಸರ್ಕಾರ ಈ ಮಿತಿಯನ್ನ ಇಳಿಸಬಹುದು. ಅಧಿಸೂಚನೆ ಹೊರಡಿಸಿ, ಬೋರ್ಡ್ ಹಾಕಿ ತಿಳಿಸಬೇಕು, ಅಷ್ಟೇ. ಜನ, ವಾಹನ ಬೆರೆಯೋ ಕಡೆ 30 ಸಾಕು ಅಂತ 2020ರ ಸ್ಟಾಕ್‌ಹೋಮ್ ಘೋಷಣೆಯೂ ಹೇಳಿದೆ. ಫುಟ್‌ಪಾತ್ ಬಳಸೋದು ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಫುಟ್‌ಪಾತ್ ತನಕ ಇರೋ ಹಕ್ಕು ರಸ್ತೆ ದಾಟುವಾಗ ಮುಗಿದುಹೋಗುತ್ತಾ?

'ಈ ಟ್ರಾಫಿಕ್‌ನಲ್ಲಿ 70ರಲ್ಲಿ ಯಾರ್ರೀ ಓಡಿಸ್ತಾರೆ?' ಅಂತ ನೀವು ಕೇಳಬಹುದು. ಸಂಜೆ ಆರಕ್ಕೆ ಯಾರಿಗೂ ಆಗಲ್ಲ, ನಿಜ. ರಾತ್ರಿ ಹತ್ತೂವರೆಗೆ ಬಂದು ನೋಡಿ. ರಸ್ತೆ ಬಿಡುವಾಗಿರುತ್ತೆ, ಆದರೆ ರೈಲುಗಳು ಜನರನ್ನ ಇಳಿಸ್ತಾನೇ ಇರುತ್ತವೆ. ಅಪಾಯ ಇರೋದು ಆಗ. 'ಸ್ಕೈವಾಕ್ ಹತ್ತಲಿ' ಅಂತೀರಾ? ಮಂಡಿ ನೋವಿರೋ ಅಜ್ಜಿಗೆ, ಮಗು ಎತ್ತಿಕೊಂಡ ತಾಯಿಗೆ ಆ ಮಾತು ಹೇಳಿ ನೋಡಿ.

ಬರೀ ಬೋರ್ಡ್ ನೆಟ್ಟರೆ ಸಾಲದು. ನಿಲ್ದಾಣದ ಮುಂದೆ ಎತ್ತರಿಸಿದ ಜೀಬ್ರಾ ಕ್ರಾಸಿಂಗ್ ಬೇಕು, ನಡುವೆ ನಿಂತುಕೊಳ್ಳೋಕೆ ಜಾಗ ಬೇಕು, ವೇಗ ಅಳೆಯೋ ಕ್ಯಾಮೆರಾ ಬೇಕು, ವಯಸ್ಸಾದವರೂ ದಾಟಿ ಮುಗಿಸೋವಷ್ಟು ಹೊತ್ತಿನ ಸಿಗ್ನಲ್ ಬೇಕು.

ಗಾಡಿ ಓಡಿಸೋರಿಗೆ ಆಗೋ ನಷ್ಟ ಎಷ್ಟು ಗೊತ್ತಾ? ನಿಲ್ದಾಣದ ಮುಂದಿನ 400 ಮೀಟರನ್ನ 60ರಲ್ಲಿ ದಾಟೋಕೆ 24 ಸೆಕೆಂಡ್, 30ರಲ್ಲಿ 48. ಅಂದ್ರೆ ಇಲ್ಲಿ ಕೇಳ್ತಿರೋದು ಬರೀ 24 ಸೆಕೆಂಡ್. ಅದನ್ನ ಕೊಡಿಸೋ ಅಧಿಕಾರ ವಿಧಾನಸೌಧದಲ್ಲೇ ಇದೆ. ಬಳಸಿ ಸ್ವಾಮಿ.