ತಾರಸಿ ತೋಟ: ರೋಗ ಬರುವ ಮುನ್ನ

ಮಾತಾಡಲು ಕರೆದಾಗ ಸೈಬರ್ ಸುರಕ್ಷತೆ ಬಗ್ಗೆ ಇರಬೇಕು ಅಂದುಕೊಂಡೆ. ಬೆಂಡೆಕಾಯಿ ಬಗ್ಗೆ ಎಂದರು! ಎರಡಕ್ಕೂ ಅಷ್ಟೇನೂ ದೂರವಿಲ್ಲ ಬಿಡಿ.

ಬೆಂಡೆ ಎಲೆಯ ನರಗಳು ಹಳದಿಯಾಗಿ, ಕಾಯಿ ಬಿಳಿಚಿಕೊಂಡು ಬರುವುದನ್ನು ನೀವೆಲ್ಲ ನೋಡಿರುತ್ತೀರಿ. "ಯಾವ ಔಷಧಿ ಹೊಡೀಬೇಕು?" ಅನ್ನುವುದೇ ಎಲ್ಲರ ಪ್ರಶ್ನೆ. ಅದು ವೈರಸ್. ಗಿಡದೊಳಗೆ ಸೇರಿದ ಮೇಲೆ ಅದನ್ನು ತೆಗೆಯುವ ಸ್ಪ್ರೇ ಇಲ್ಲ. ಹರಡುವುದು ಬಿಳಿನೊಣ. ಅಂಗಡಿಯವರು ಕೊಡುವ ಘಾಟು ಔಷಧಿ ನೊಣವನ್ನು ಕೊಲ್ಲಬಹುದು, ಗಿಡವನ್ನು ಉಳಿಸುವುದಿಲ್ಲ. ನಮ್ಮ ತಾರಸಿಯಲ್ಲಿ ಸಂಡಿಗೆ ಒಣಗುತ್ತದೆ, ನೀರಿನ ಟ್ಯಾಂಕ್ ಇದೆ, ಮಕ್ಕಳು ಆಡುತ್ತಾರೆ. ಅಲ್ಲಿ ವಿಷ ಯಾಕೆ?

ಸೋಂಕು ತಗುಲಿದ ಕಂಪ್ಯೂಟರನ್ನು ಆಫೀಸಿನಲ್ಲಿ ಮೊದಲು ನೆಟ್‌ವರ್ಕ್‌ನಿಂದ ಬಿಡಿಸುತ್ತೇವೆ. ಗಿಡವನ್ನೂ ಹಾಗೆಯೇ ಕಿತ್ತುಬಿಡಬೇಕು. ನಾಲ್ಕು ಕಾಯಿ ಬಿಟ್ಟಿರುತ್ತದೆ, ಮನಸ್ಸು ಬರುವುದಿಲ್ಲ. ಆದರೂ ಕೀಳಿ, ಪಕ್ಕದ ಹತ್ತು ಗಿಡ ಉಳಿಯುತ್ತವೆ. ಎಲೆಯ ಅಡಿಭಾಗ ವಾರಕ್ಕೆರಡು ಸಲ ನೋಡಿ. ಹಳದಿ ಅಂಟುಹಾಳೆ ತೂಗುಹಾಕಿ. ನೊಣ ಕಂಡರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪಿನ ದ್ರಾವಣ ಬೆರೆಸಿ, ಬಿಸಿಲಿಳಿದ ಮೇಲೆ ಸಿಂಪಡಿಸಿ.

ಇನ್ನು ನಮ್ಮ ತಿರುವೊಟ್ಟಿಯೂರಿನ ಸಮುದ್ರದ ಗಾಳಿ! ಸದಾ ತೇವ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಳೆ ಬೇರೆ. ಒದ್ದೆ ಎಲೆ ಅಂದರೆ ಶಿಲೀಂಧ್ರಕ್ಕೆ ಹಬ್ಬ. ಸಂಜೆ ಕೆಲಸದಿಂದ ಬಂದು ಗಿಡದ ತಲೆಗೆ ಪೈಪ್ ಹಿಡಿಯಬೇಡಿ. ಬೆಳಗ್ಗೆ, ಬುಡಕ್ಕೆ ಮಾತ್ರ ನೀರು. ಟೊಮೆಟೊದ ಕೆಳಗಿನ ಎಲೆಗಳಲ್ಲಿ ಉಂಗುರದಂತಹ ಕಂದು ಚುಕ್ಕೆ ಬಂದರೆ ಅದು ಅಂಗಮಾರಿ. ಮಣ್ಣಿನಿಂದ ಸಿಡಿಯುವ ಹನಿಯ ಜೊತೆಯೇ ಮೇಲೇರುತ್ತದೆ. ಬುಡಕ್ಕೆ ತರಗೆಲೆ ಹೊದಿಸಿ, ಮಣ್ಣಿಗೆ ತಾಗುವ ಎಲೆ ಕತ್ತರಿಸಿ. ಸಸಿ ಬುಡದಲ್ಲೇ ಕೊಳೆತು ಬೀಳುತ್ತಿದ್ದರೆ ನೀರು ಬಸಿಯುತ್ತಿಲ್ಲ ಎಂದರ್ಥ. ಟ್ರೈಕೊಡರ್ಮಾವನ್ನು ಬಿತ್ತುವ ಮೊದಲೇ ಗೊಬ್ಬರದಲ್ಲಿ ಬೆರೆಸಿ, ಆಮೇಲಲ್ಲ.

ಹಸಿರಾಗಿದ್ದ ಗಿಡ ಇದ್ದಕ್ಕಿದ್ದಂತೆ ಬಾಡಿತೇ? ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿಡಿ. ಹಾಲಿನ ಎಳೆಯಂತೆ ಇಳಿದರೆ ಬ್ಯಾಕ್ಟೀರಿಯಾ ಸೊರಗು ರೋಗ. ಆ ಮಣ್ಣಿಗೆ ಟೊಮೆಟೊ, ಬದನೆ, ಮೆಣಸಿನಕಾಯಿ ಮತ್ತೆ ಬೇಡ, ಮೂರೂ ಒಂದೇ ಕುಟುಂಬ. ಆ ಬ್ಯಾಗಿಗೆ ಸೊಪ್ಪು ಹಾಕಿ.

ಬೆಂಗಳೂರಿಗೆ ಹೋಗುವವರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಬೀಜ ತನ್ನಿ. ಬೆಂಡೆಯ ಹಳದಿ ನರ ರೋಗ ತಡೆಯಲೆಂದೇ ಬಂದದ್ದು ಅರ್ಕಾ ಅನಾಮಿಕ. ಎಲೆ ಮುದುಡುವ ವೈರಸ್, ಸೊರಗು, ಅಂಗಮಾರಿ ಮೂರನ್ನೂ ತಡೆಯುವ ಟೊಮೆಟೊ ಅರ್ಕಾ ರಕ್ಷಕ್. ಅನಾಮಿಕದ ಬೀಜ ಎತ್ತಿಟ್ಟು ಹಂಚಿಕೊಳ್ಳಬಹುದು. ರಕ್ಷಕ್ ಹೈಬ್ರಿಡ್, ಪ್ರತಿಸಲ ಹೊಸದೇ ಕೊಳ್ಳಬೇಕು.